ಸುನ್ನತಿ ಎಂಬ ಮಾತು

ಮಡಕಶಿರದ ಕಡೆಯ ಹಳ್ಳಿಯೊಂದರ ಪಿಂಜಾರರ ಹುಡುಗ, ರಾಯದುರ್ಗದ ಕ್ರೈಸ್ತ ಮನೆತನದ ಹುಡುಗ. ಇಬ್ಬರದೂ ಐಚ್ಛಿಕ ಕನ್ನಡ, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಭಾನುವಾರದ ಮಧ್ಯಾಹ್ನವೊಂದರಲ್ಲಿ ಗೆಳೆಯನ ಕನ್ನಡ ಬೈಬಲನ್ನು ಸುಮ್ಮನೆ ತಿರುವುತ್ತಿದ್ದ ಮಡಕಶಿರದವನು ಆದಿಕಾಂಡದ 17ನೆಯ ಅಧ್ಯಾಯದಲ್ಲಿ ತಡೆದು ನಿಂತ. ಅಲ್ಲಿ 'ಸುನ್ನತಿ' ಎಂಬ ಪದವಿತ್ತು. ಶಾಲೆಯ ಅಂಗಳದಲ್ಲಿ ಕಲ್ಲಿನಂತೆ ಅವನ ಮೇಲೆ ಬಿದ್ದಿದ್ದ ಪದ ಅದು. ಇನ್ನೊಬ್ಬರ ಧರ್ಮಗ್ರಂಥದಲ್ಲಿ ಇಷ್ಟು ಗೌರವದಿಂದ ಕುಳಿತಿರುವುದನ್ನು ಅವನು ಎಣಿಸಿರಲಿಲ್ಲ.

"ಇದು ನಮ್ಮ ಮಾತಲ್ಲವೇನೋ, ನಿಮ್ಮ ಪುಸ್ತಕಕ್ಕೆ ಹೇಗೆ ಬಂತು?" ಎಂದು ಕೇಳಿದ. ಆ ಪದವನ್ನು ಚಿಕ್ಕಂದಿನಿಂದ ಓದುತ್ತಲೇ ಬಂದಿದ್ದ ಗೆಳೆಯನಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆ ಭಾಷೆಯ ವಿದ್ಯಾರ್ಥಿಗೆ ತಕ್ಕದ್ದೇ. ಅರಬ್ಬಿಯ 'ಸುನ್ನತ್' ಎಂದರೆ ನಡೆದು ಬಂದ ದಾರಿ, ಪ್ರವಾದಿಯ ನಡವಳಿಕೆ. ಅದು ಮುಸಲ್ಮಾನರ ಮನೆಗಳ ಮೂಲಕ ಕನ್ನಡಕ್ಕೂ ತೆಲುಗಿಗೂ ಬಂದು, ಒಂದು ವಿಧಿಯ ಹೆಸರಾಗಿ ನಿಂತಿತು. ತಮಿಳು ಬೈಬಲು 'ವಿರುತ್ತಸೇದನಂ' ಎಂದೂ ಮಲಯಾಳದ ಬೈಬಲು 'ಪರಿಚ್ಛೇದನ' ಎಂದೂ ಸಂಸ್ಕೃತದ ಮೊರೆ ಹೊಕ್ಕವು. ಕನ್ನಡ, ತೆಲುಗು ಬೈಬಲುಗಳು ನೆರೆಮನೆಯ ಪದವನ್ನೇ ಎತ್ತಿಕೊಂಡವು. ಇಡೀ ಬೈಬಲು ಮೊದಲು ಕನ್ನಡಕ್ಕೆ ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ, 1831ರ ಹೊತ್ತಿಗೆ ಆ ಕೆಲಸವನ್ನು ಮುಗಿಸಿದ. ಆಗ ಮಡಕಶಿರ, ರಾಯದುರ್ಗಗಳೆರಡೂ ಬಳ್ಳಾರಿ ಜಿಲ್ಲೆಯವೇ. 1882ರಲ್ಲಿ ಅನಂತಪುರ ಜಿಲ್ಲೆ ಹುಟ್ಟಿದಾಗ ಮಡಕಶಿರವೂ, 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗವೂ ಬಳ್ಳಾರಿಯಿಂದ ಬೇರೆಯಾದವು.

ಹುಡುಗ ಓದುತ್ತ ಹೋದ. ಅವನ ಮನೆಯಲ್ಲಿ ಇಬ್ರಾಹಿಮನೆಂದು ಕರೆಯುವ ಅಬ್ರಹಾಮನಿಗೆ ಅಲ್ಲಿ 99 ವರ್ಷ, ಮಗ ಇಷ್ಮಾಯೇಲನಿಗೆ 13. ದೇವರೊಡನೆ ಆದ ಒಡಂಬಡಿಕೆಗೆ ಗುರುತಾಗಿ ತಂದೆ, ಮಗ, ಮನೆಯ ಸೇವಕರು, ಎಲ್ಲರಿಗೂ ಒಂದೇ ದಿನ ಸುನ್ನತಿಯಾಗುತ್ತದೆ. ಮುಂದೆ ಹುಟ್ಟುವ ಗಂಡುಮಕ್ಕಳಿಗೆ ಎಂಟನೆಯ ದಿನ. ಹೀಬ್ರೂವಿನಲ್ಲಿ ಒಡಂಬಡಿಕೆಯನ್ನು ಮಾಡಿಕೊಳ್ಳುವುದಿಲ್ಲ, 'ಕತ್ತರಿಸುತ್ತಾರೆ'. ಮಾತು ಕೊಟ್ಟದ್ದು ಮೈಯಲ್ಲಿ ಉಳಿಯಬೇಕು. ಇಂದಿಗೂ ಯೆಹೂದ್ಯರ ಮನೆಯಲ್ಲಿ ಆರೋಗ್ಯವಂತ ಶಿಶುವಿಗೆ ಎಂಟನೆಯ ದಿನ ಸಬ್ಬತ್ತಿನಂದು ಬಿದ್ದರೂ ವಿಧಿ ಮುಂದಕ್ಕೆ ಹೋಗದು. ಪ್ರವಾದಿ ಎಲೀಯನಿಗೆಂದು ಒಂದು ಕುರ್ಚಿಯನ್ನಿಟ್ಟು, ವಿಧಿ ಮುಗಿದ ಮೇಲೆ ಮಗುವಿಗೆ ಹೆಸರಿಡುತ್ತಾರೆ. ಹಾಗೆಂದು ಸುನ್ನತಿಯೇ ಒಬ್ಬನನ್ನು ಯೆಹೂದ್ಯನನ್ನಾಗಿ ಮಾಡುತ್ತದೆಂದಲ್ಲ. ಯೆಹೂದ್ಯ ತಾಯಿಯ ಮಗ ಹುಟ್ಟಿನಿಂದಲೇ ಯೆಹೂದ್ಯ. ಸುನ್ನತಿ ತಂದೆ ತೀರಿಸಬೇಕಾದ ಕರ್ತವ್ಯ. ಕೊಂಕಣ ಕರಾವಳಿಯ ಬೆನೆ ಇಸ್ರಾಯೇಲರು ಹೀಬ್ರೂ ಮರೆತರು, ಗ್ರಂಥಗಳನ್ನು ಕಳೆದುಕೊಂಡರು, ಮರಾಠಿ ಮಾತಾಡುವವರಾದರು. ಎಂಟನೆಯ ದಿನವನ್ನು ಮಾತ್ರ ಬಿಡಲಿಲ್ಲ. ಗಡಿಭಾಗದ ಕನ್ನಡಿಗರು ಈ ಸಂಗತಿಯನ್ನು ತುಸು ನಿಧಾನವಾಗಿ ಓದಬಹುದು. ನುಡಿ ಹೋದ ಮೇಲೂ ಗುರುತು ಉಳಿದ ಉದಾಹರಣೆ ಅದು.

"ಹಾಗಾದರೆ ನಿಮಗೇಕಿಲ್ಲ?" ಎಂಬ ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಯೇಸುವಿಗೂ ಎಂಟನೆಯ ದಿನ ಸುನ್ನತಿಯಾಯಿತೆಂದು ಲೂಕ ಬರೆದಿದ್ದಾನೆ. ಪೌಲನಿಗೂ ಆಗಿತ್ತು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬತೊಡಗಿದಾಗ, ಅವರಿಗೂ ಅದು ಬೇಕೇ ಎಂಬ ವಿವಾದವೆದ್ದಿತು. ಕ್ರಿ.ಶ. 50ರ ಸುಮಾರಿಗೆ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ, ಆ ಭಾರವನ್ನು ಅವರ ಮೇಲೆ ಹೊರಿಸಬಾರದೆಂದು ತೀರ್ಮಾನಿಸಿದರು. ಅಬ್ರಹಾಮ ನೀತಿವಂತನೆನಿಸಿದ್ದು ಸುನ್ನತಿಗೆ ಮೊದಲು, ನಂಬಿಕೆಯಿಂದ ಎಂಬುದು ಪೌಲನ ವಾದ. ಅದೇ ಪೌಲ ತೀತನಿಗೆ ಸುನ್ನತಿ ಮಾಡಿಸಲು ಒಪ್ಪದೆ, ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ತಾನೇ ಮಾಡಿಸಿದ. ಇದನ್ನು ಇಬ್ಬಗೆಯ ನಡೆ ಎಂದು ಅವಸರದಲ್ಲಿ ಹೇಳಿಬಿಡಬಹುದು. ಆದರೆ ಒಂದು ಕಡೆ ಅದು ರಕ್ಷಣೆಯ ಷರತ್ತಾಗಿ ಬಂದಿತ್ತು, ಇನ್ನೊಂದು ಕಡೆ ಹುಟ್ಟಿದ ಜನದ ಮರ್ಯಾದೆಯಾಗಿ. ಗುರುತನ್ನು ಪೌಲ ವಿರೋಧಿಸಲಿಲ್ಲ, ಅದನ್ನು ಬಾಗಿಲಿನ ಬೀಗ ಮಾಡುವುದನ್ನು ವಿರೋಧಿಸಿದ. ಕ್ರೈಸ್ತರಲ್ಲಿ ಸಭೆಗೆ ಸೇರುವ ಗುರುತಾಗಿ ದೀಕ್ಷಾಸ್ನಾನ ನಿಂತಿತು.

'ಹೃದಯದ ಸುನ್ನತಿ' ಪೌಲನೇ ಕಟ್ಟಿದ ಮಾತೆಂದು ಗೆಳೆಯ ತಿಳಿದಿದ್ದ. ಅದಕ್ಕಿಂತ ಎಷ್ಟೋ ಶತಮಾನ ಹಿಂದೆಯೇ ಧರ್ಮೋಪದೇಶಕಾಂಡದಲ್ಲೂ ಪ್ರವಾದಿ ಯೆರೆಮೀಯನಲ್ಲೂ ಆ ಕರೆ ಇದೆ. ಮೈಗೆ ಸುನ್ನತಿಯಾದ ಜನಕ್ಕೇ, ಹೃದಯಕ್ಕೆ ಇನ್ನೂ ಆಗಿಲ್ಲವೆಂದು ಹೇಳಿದ ಮಾತದು. ಲಾಂಛನಕ್ಕೂ ಅಂತರಂಗಕ್ಕೂ ಇರುವ ಈ ಜಗಳ ವಚನ ಓದಿದವರಿಗೆ ಹೊಸತಲ್ಲ.

ಹುಡುಗನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎಫೆಸದವರಿಗೆ ಬರೆದ ಪತ್ರ. ಒಂದು ಜನ ತಮ್ಮನ್ನು ಸುನ್ನತಿಯವರೆಂದು ಕರೆದುಕೊಂಡು, ಇನ್ನೊಂದು ಜನವನ್ನು ಸುನ್ನತಿಯಿಲ್ಲದವರೆಂದು ಹೀಗಳೆಯುತ್ತಿದ್ದ ಸಂಗತಿ ಅಲ್ಲಿದೆ. ಆ ಊರಿನಲ್ಲಿ ಬೈಗುಳ ತಿರುಗುಮುರುಗಾಗಿತ್ತು! ಅಲ್ಲಿ ಇಲ್ಲದವನಿಗೆ ಅವಮಾನ, ಇವನ ಶಾಲೆಯಲ್ಲಿ ಇದ್ದವನಿಗೆ. ಅವನು ಪುಸ್ತಕ ಮುಚ್ಚದೆ ಬಹಳ ಹೊತ್ತು ಕುಳಿತಿದ್ದ. ಗೆಳೆಯನೂ ಏನೂ ಹೇಳಲಿಲ್ಲ. ಚಿಕ್ಕಂದಿನಲ್ಲಿ ಆ ಪದವನ್ನು ಹಿಡಿದು ಬೇರೆ ಯಾರನ್ನೋ ನೋಡಿ ತಾನೂ ನಕ್ಕದ್ದು ಅವನಿಗೆ ನೆನಪಾಗಿರಬೇಕು.

ನಮ್ಮ ಸಾಹಿತ್ಯ ಈ ವಿಷಯವನ್ನು ದೂರವಿಟ್ಟಿಲ್ಲ. ಬಾನು ಮುಷ್ತಾಕರ 'ಕೆಂಪು ಲುಂಗಿ' ಕಥೆಯಲ್ಲಿ ಉಳ್ಳವರ ಮಗನಿಗೆ ಡಾಕ್ಟರು, ಬಡವರ ಮಕ್ಕಳಿಗೆ ಹಳೆಯ ಕೈಗಾರಿಕೆಯ ಕತ್ತಿ. ಗಾಯ ಬೇಗ ಮಾಯುವುದು ಬಡವನದೇ. ಹಳ್ಳಿಯ ಕನ್ನಡದಲ್ಲಿ ಮುಸಲ್ಮಾನರ ಸುನ್ನತಿಗೆ 'ಮುಂಜಿ' ಎಂದೂ ಹೆಸರುಂಟು. ಬ್ರಾಹ್ಮಣ ವಟುವಿನ ಉಪನಯನಕ್ಕೆ ಇರುವ ಹೆಸರೇ. ಎರಡು ಮನೆಗಳ ಹಬ್ಬವನ್ನು ಒಂದೇ ಮಾತಿನಲ್ಲಿ ಹೇಳಿದವರು ಯಾವ ಪಂಡಿತರೂ ಅಲ್ಲ.

ಆ ರಾತ್ರಿ ಹುಡುಗ ಮನೆಗೆ ಫೋನು ಮಾಡಿ, ತನ್ನ ಸುನ್ನತಿ ಯಾವ ದಿನ ಆಯಿತೆಂದು ಕೇಳಿದ. ತಾಯಿಗೆ ತಾರೀಖು ನೆನಪಿರಲಿಲ್ಲ. "ಕಡಲೆಕಾಯಿ ಕಿತ್ತ ವಾರ ಕಣಪ್ಪ," ಎಂದಳು. "ನೀನು ಅಳಲಿಲ್ಲ, ನಿಮ್ಮಪ್ಪ ಅತ್ತರು."