ನಮ್ಮ ಹಿತ್ತಲಿನ ಕೋಳಿಯೂ ನರಿಯೂ



ಹುಲಿ ಸಿಂಹ ನೋಡಬೇಕಾದರೆ ತ್ಯಾವರೆಕೊಪ್ಪಕ್ಕೆ ಹೋಗಬೇಕು. ನರಿ ನೋಡಬೇಕಾದರೆ ಎಲ್ಲಿಗೂ ಹೋಗಬೇಕಾಗಿಲ್ಲ, ನಮ್ಮ ಹಿತ್ತಲಿಗೆ ಬಂದರೆ ಸಾಕು. ಗೋಪಾಳ ಈಗ ಪೇಟೆಯೇ ಆಗಿದೆ, ಅಲ್ಲೆಂತ ನರಿ ಮಾರಾಯ ಎಂದು ಕೆಲವರು ನಗುತ್ತಾರೆ. ಆದರೆ ನಮ್ಮ ಮನೆ ಇರುವುದು ಊರಿನ ಅಂಚಿನಲ್ಲಿ, ಅನುಪಿನಕಟ್ಟೆ ಕಡೆಗೆ. ಆ ಕಡೆ ಗದ್ದೆ, ಬೇಲಿ, ಕುರುಚಲು ಗಿಡ, ಅದರಾಚೆ ಪುರದಾಳಿನ ಕಾಡು. ರಾತ್ರಿ ಒಂದು ನರಿ ಊಳಿಟ್ಟರೆ ನಾಲ್ಕೈದು ಕಡೆಯಿಂದ ಉತ್ತರ ಬರುತ್ತದೆ. ಊರ ನಾಯಿಗಳೂ ಸೇರಿಕೊಂಡರೆ ನಿದ್ದೆ ಹೋಯಿತು ಎಂದೇ ಅರ್ಥ.

ನಮ್ಮ ಅಜ್ಜಿ ಕೋಳಿ ಸಾಕುತ್ತಾಳೆ. ಕಳೆದ ಮಳೆಗಾಲದ ಮೊದಲು 9 ಹೇಂಟೆ, 3 ಹುಂಜ ಇದ್ದವು. ಅವುಗಳಲ್ಲಿ ನಾಲ್ಕು ಹೇಂಟೆ ಗಿರಿರಾಜ, ಉಳಿದವು ಊರು ಕೋಳಿ. ಗಿರಿರಾಜ ಎಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 1989ರಲ್ಲಿ ಬಿಡುಗಡೆ ಮಾಡಿದ ತಳಿ. ಬೇಗ ದಪ್ಪ ಆಗುತ್ತದೆ, ಮೊಟ್ಟೆಯೂ ಜಾಸ್ತಿ. ಆದರೆ ಮೈ ಭಾರ, ಮರ ಹತ್ತಲಾರದು. ಊರು ಕೋಳಿ ಹಾಗಲ್ಲ, ಸಂಜೆ ಆಯಿತೆಂದರೆ ಪುರ್ರನೆ ಹಾರಿ ಹಲಸಿನ ಕೊಂಬೆ ಮೇಲೆ ಕೂರುತ್ತದೆ. ಮೊಟ್ಟೆ ಮಾರಿದ ದುಡ್ಡನ್ನು ಅಜ್ಜಿ ಹಾರ್ಲಿಕ್ಸ್ ಡಬ್ಬಿಯಲ್ಲಿ ಇಡುತ್ತಾಳೆ. ಅಕ್ಕನ ಪಿ.ಯು.ಸಿ. ಪುಸ್ತಕ, ನನ್ನ ನೋಟ್ಸು, ಅಜ್ಜಿಯ ಬಿ.ಪಿ. ಮಾತ್ರೆ ಎಲ್ಲ ಆ ಡಬ್ಬಿಯಿಂದಲೇ. ಆದ್ದರಿಂದ ಎರಡು ವಾರದಲ್ಲಿ ಐದು ಕೋಳಿ ಹೋದಾಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಎದ್ದ ಕೂಡಲೆ ನರಿ ಮುಖ ನೋಡಿದರೆ ಒಳ್ಳೇದಾಗುತ್ತೆ ಅಂತಾರೆ. ಅಜ್ಜಿ ಆ ಎರಡು ವಾರದಲ್ಲಿ ಎರಡು ಸಲ ನೋಡಿದಳು. ಏನು ಒಳ್ಳೇದಾಯಿತು ಅಂತ ಅವಳನ್ನೇ ಕೇಳಿ. ನರಿಕೊಂಬು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ ಎಂದು ಮಾರುವವರೂ ಇದ್ದಾರಂತೆ. ನರಿಗೆ ಕೊಂಬೇ ಇಲ್ಲ! ಇನ್ನು ಅದನ್ನು ಎಲ್ಲಿಂದ ತರುತ್ತಾರೋ.

ಚಿಕ್ಕಪ್ಪನಿಗೆ ಸಿಟ್ಟು ಬಂತು. ಕೋಳಿ ಕರುಳಿಗೆ ವಿಷ ಹಾಕಿ ಬೇಲಿ ಹತ್ತಿರ ಇಡ್ತೀನಿ ಎಂದರು. ಅಜ್ಜಿಯೂ ಹೂಂ ಅಂದಳು. ಅಪ್ಪ ಬೇಡ ಎಂದರು. ಆ ವಿಷ ನರಿಯೇ ತಿನ್ನುತ್ತದೆ ಅಂತ ಏನು ಗ್ಯಾರಂಟಿ, ನಮ್ಮ ಕರಿಯ ತಿಂದರೆ, ಪಕ್ಕದ ಮನೆ ನಾಯಿ ತಿಂದರೆ, ಸತ್ತದ್ದನ್ನು ಕಾಗೆ ಹದ್ದು ತಿಂದರೆ ಎಂದು ಕೇಳಿದರು. ಉರುಳು ಹಾಕಿದರೂ ಅಷ್ಟೆ, ಕತ್ತಲಲ್ಲಿ ಯಾರ ಕಾಲು ಸಿಗುತ್ತೋ ಗೊತ್ತಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಇನ್ನೊಂದು ವಿಷಯ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನರಿಯನ್ನು ಕೊಲ್ಲುವುದು ಅಪರಾಧ. 2022ರ ತಿದ್ದುಪಡಿಯಲ್ಲಿ ಅದನ್ನು ಒಂದನೇ ಪಟ್ಟಿಗೆ, ಅಂದರೆ ಹುಲಿ ಇರುವ ಪಟ್ಟಿಗೇ ಸೇರಿಸಿದ್ದಾರೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. "ಹಾಗಾದ್ರೆ ಕೋಳಿ ಯಾವ ಪಟ್ಟಿಲಿದೆ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಾಗಲಿಲ್ಲ.

ಕಳ್ಳ ಯಾರೆಂದು ಮೊದಲು ಗೊತ್ತಾಗಲಿ ಎಂದು ನಾನು ಒಂದು ಉಪಾಯ ಮಾಡಿದೆ. ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ತೆಳ್ಳಗೆ ಹರಡಿದೆ. ಮೊದಲ ರಾತ್ರಿ ಮಳೆ ಬಂದು ಎಲ್ಲಾ ತೊಳೆದುಹೋಯಿತು. ಎರಡನೇ ರಾತ್ರಿ ಕರಿಯನನ್ನು ಕಟ್ಟಿಹಾಕಿ ಮತ್ತೆ ಹರಡಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳಿನ ಹೆಜ್ಜೆ, ಉಗುರಿನ ಗುರುತೂ ಇತ್ತು. ಬೇಲಿಯ ಸಂದಿಯಿಂದ ನೂಲು ಹಿಡಿದ ಹಾಗೆ ನೇರವಾಗಿ ಬಂದಿತ್ತು. ಬೆಕ್ಕು ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಕಾಡುಬೆಕ್ಕಲ್ಲ ಎಂದು ಮೇಷ್ಟ್ರು ಹೇಳಿದರು. ನಾಯಿ ಹೆಜ್ಜೆಗೂ ನರಿ ಹೆಜ್ಜೆಗೂ ಬಹಳ ವ್ಯತ್ಯಾಸ ಇಲ್ಲ, ನರಿಯದು ಸ್ವಲ್ಪ ಸಪೂರ. ಆದರೆ ತಮಾಷೆ ಏನೆಂದರೆ ನಾಲ್ಕನೇ ದಿನ ಮಧ್ಯಾಹ್ನವೇ ಎರಡು ಮರಿ ಸತ್ತು ಬಿದ್ದಿದ್ದವು. ಕುತ್ತಿಗೆ ಕಚ್ಚಿತ್ತು, ಹೊತ್ತುಕೊಂಡು ಹೋಗಿರಲಿಲ್ಲ. ಬೂದಿಯಲ್ಲಿ ಸಣ್ಣ ಸಣ್ಣ ಐದು ಬೆರಳಿನ ಗುರುತು. ಅದು ಮುಂಗುಸಿ! ಅದರ ಲೆಕ್ಕವನ್ನೂ ನಾವು ನರಿಯ ತಲೆಗೇ ಕಟ್ಟಿದ್ದೆವು.

ಇಂಗ್ಲಿಷ್ ಪುಸ್ತಕದಲ್ಲಿ ಫಾಕ್ಸ್ ಎಂದರೆ ನರಿ ಎಂದಿದೆ. ಆದರೆ ನಮ್ಮ ಕಡೆ ಊಳಿಡುವುದು ಜಾಕಲ್. ನಮ್ಮ ದೇಶದ ಫಾಕ್ಸ್ ಇದಕ್ಕಿಂತ ಬಹಳ ಚಿಕ್ಕದು, ಬಾಲದ ತುದಿ ಕಪ್ಪು, ಬಯಲುಸೀಮೆಯ ಒಣ ನೆಲದಲ್ಲಿ ಬಿಲ ತೋಡಿ ಇರುತ್ತದೆ, ಇಲಿ ಹುಳ ತಿನ್ನುತ್ತದೆ. ಕನ್ನಡದಲ್ಲಿ ಎರಡನ್ನೂ ನರಿ ಎಂದೇ ಕರೆದು ಬೈಯುತ್ತೇವೆ.

ನರಿಗೂ ಕೋಳಿಯೇ ಊಟ ಅಲ್ಲ. ಗದ್ದೆಯ ಇಲಿ, ಹೆಗ್ಗಣ, ಏಡಿ, ಬಿದ್ದ ಹಣ್ಣು ಎಲ್ಲ ತಿನ್ನುತ್ತದೆ. ನರಿ ಇಲ್ಲದಿದ್ದರೆ ಹೆಗ್ಗಣ ನಮ್ಮ ಬದುವನ್ನೆಲ್ಲ ಕೊರೆದು ಹಾಕುತ್ತಿತ್ತು ಎಂದು ಅಪ್ಪ ಹೇಳುತ್ತಾರೆ. ಮತ್ತೆ ಮನೆ ಹತ್ತಿರ ಯಾಕೆ ಬರುತ್ತದೆ? ನನಗೆ ಅನ್ನಿಸುವುದು ಇದು. ಚಾನಲ್ ಏರಿ ಮೇಲೆ ಯಾರೋ ರಾತ್ರಿ ಹೊತ್ತು ಕೋಳಿ ಅಂಗಡಿಯ ಪುಕ್ಕ, ಕರುಳು ಎಲ್ಲ ಚೀಲದಲ್ಲಿ ತಂದು ಸುರಿದು ಹೋಗುತ್ತಾರೆ. ದಿನಾ ಪುಕ್ಕಟೆ ಊಟ ಇಟ್ಟರೆ ಯಾರು ಬರುವುದಿಲ್ಲ? ಮೊದಲು ಬೀದಿನಾಯಿ ಬಂತು, ಹಿಂದೆಯೇ ನರಿ ಬಂತು. ಚೀಲ ಬಾರದ ದಿನ ನಮ್ಮ ಗೂಡು.

ಕೊನೆಗೆ ಅಜ್ಜಿ ಎರಡು ಹುಂಜ ಮಾರಿದಳು. ಆ ದುಡ್ಡಿಗೆ ಅಪ್ಪ ದಪ್ಪ ತಂತಿಯ ಜಾಲರಿ ತಂದರು. ತೆಳು ಜಾಲರಿಯನ್ನು ನರಿ ಹಲ್ಲಿನಲ್ಲಿ ಹರಿಯುತ್ತದೆ, ಕಣ್ಣು ದೊಡ್ಡದಾದರೆ ಮುಂಗುಸಿ ನುಗ್ಗುತ್ತದೆ, ಅದಕ್ಕೆ ಸಣ್ಣ ಕಣ್ಣಿನದೇ ತಂದರು. ಹಳೇ ಬಿದಿರಿನ ಗೂಡು ಬಿಚ್ಚಿ, ಕೆಳಗೆ ಕಲ್ಲು ಹಾಸಿ, ಜಾಲರಿಯನ್ನು ಒಂದು ಅಡಿ ಮಣ್ಣೊಳಗೆ ಇಳಿಸಿ ತುದಿಯನ್ನು ಹೊರಕ್ಕೆ ಬಗ್ಗಿಸಿದೆವು. ನರಿ ಗೋಡೆ ಬುಡದಲ್ಲೇ ಕೆರೆಯುವುದರಿಂದ ಉಗುರಿಗೆ ಜಾಲರಿಯೇ ಸಿಗುತ್ತದೆ. ಬಾಗಿಲಿಗೆ ಕೊಕ್ಕೆ ತೆಗೆದು ಚಿಲಕ ಹಾಕಿದೆವು. ಮಣ್ಣು ಹೊತ್ತು ನನ್ನ ಅಂಗೈ ಗುಳ್ಳೆ ಎದ್ದಿತು. ದಿನಾ ಸಂಜೆ ಕತ್ತಲಾಗುವ ಮೊದಲೇ ಕೋಳಿ ಎಣಿಸಿ ಮುಚ್ಚುವುದು ಈಗ ನನ್ನ ಕೆಲಸ. ಕ್ರಿಕೆಟ್ ಆಟ ಅರ್ಧಕ್ಕೆ ಬಿಟ್ಟು ಓಡುತ್ತೇನೆ ಎಂದು ಸ್ನೇಹಿತರು ಬೈಯುವುದು ಇದಕ್ಕೇ.

ಗೂಡು ಕಟ್ಟಿದ ಮೂರನೇ ರಾತ್ರಿ ನರಿ ಬಂದು ಎರಡು ಕಡೆ ಕೆರೆದು ಹೋಗಿತ್ತು. ಒಳಗೆ ಏನೂ ಆಗಿರಲಿಲ್ಲ. ಆಮೇಲೆ ಒಂದೇ ಒಂದು ಕೋಳಿ ಹೋಗಿದೆ, ಅದೂ ಹಗಲಲ್ಲಿ, ಬಿದಿರುಮೆಳೆ ಹತ್ತಿರ. ಚಿಕ್ಕಪ್ಪ ಇನ್ನೂ ಗೊಣಗುತ್ತಾರೆ. ಆದರೆ ಜಾಲರಿಗೆ ಮೊಳೆ ಹೊಡೆದವರು ಅವರೇ.

ಇನ್ನೊಂದು ಮಾತು. ಹಗಲಲ್ಲಿ ಹೆದರದೆ ಮೈಮೇಲೆ ಬರುವ ನರಿ ಕಂಡರೆ ಕಲ್ಲು ಹೊಡೆಯಲು ಹೋಗಬೇಡಿ, ದೊಡ್ಡವರನ್ನು ಕೂಗಿ. ಅದಕ್ಕೆ ಹುಚ್ಚು ಹಿಡಿದಿರಬಹುದು. ಕಚ್ಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು.

ಈಗ ನಮ್ಮ ಕಪ್ಪು ಹೇಂಟೆ 11 ಮೊಟ್ಟೆ ಮೇಲೆ ಕಾವಿಗೆ ಕೂತಿದೆ. 21 ದಿನಕ್ಕೆ ಮರಿ ಆಗುತ್ತದೆ, ಇನ್ನು 8 ದಿನ ಇದೆ. ಮರಿ ಬೇಕಾದವರು ಅಜ್ಜಿಯನ್ನು ಕೇಳಬಹುದು. ಆದರೆ ನಿಮ್ಮ ಮನೆ ಗೂಡು ಗಟ್ಟಿ ಇದೆಯಾ ಅಂತ ಅವಳು ಮೊದಲು ನೋಡಲು ಬರುತ್ತಾಳೆ.

— 7ನೇ ತರಗತಿ