ಎರಡೂವರೆ ಗಂಟೆಯ ಸರದಿ

ಮಾವ ತೀರಿಕೊಂಡ ಮೇಲೆ, 2022ರಲ್ಲಿ, ಅತ್ತೆ ಹಾಸನದ ಕಡೆಯ ಊರಿನಿಂದ ಜೊಹಾನ್ಸ್‌ಬರ್ಗ್‌ಗೆ ನಮ್ಮ ಜೊತೆ ಇರಲು ಬಂದರು. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದವರು. ಶ್ವಾಸಕೋಶ ಊರಲ್ಲೇ ಸೋತಿತ್ತು. ಜೊಹಾನ್ಸ್‌ಬರ್ಗೋ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಬಂದ ಸ್ವಲ್ಪ ದಿನಕ್ಕೇ ಡಾಕ್ಟರು ಆಕ್ಸಿಜನ್ ಕಾನ್ಸಂಟ್ರೇಟರ್ ಬರೆದುಕೊಟ್ಟರು. ರಾತ್ರಿ ಪೂರ್ತಿ ಹಾಕಬೇಕು, ಹಗಲಲ್ಲೂ ಕೆಲವು ಗಂಟೆ. ಅದು ಗಾಳಿಯಿಂದಲೇ ಆಮ್ಲಜನಕವನ್ನು ಬೇರೆ ಮಾಡಿ ಕೊಡುವ ಯಂತ್ರ. ಕರೆಂಟ್ ಬೇಕು.

ದಕ್ಷಿಣ ಆಫ್ರಿಕಾದಲ್ಲಿ ಆಗ ಕರೆಂಟ್ ನಂಬುವಂತಿರಲಿಲ್ಲ. ಹಳೆಯ ಕಲ್ಲಿದ್ದಲು ಸ್ಥಾವರಗಳು ಪದೇಪದೇ ಕೆಡುತ್ತಿದ್ದವು. ಹೊಸದಾದ ಕುಸಿಲೆ ಸ್ಥಾವರದಲ್ಲೂ 2022ರ ಅಕ್ಟೋಬರ್‌ನಲ್ಲಿ ಹೊಗೆ ಕೊಳವೆ ಕುಸಿದು ಮೂರು ಘಟಕ ನಿಂತವು. ಲೋಡ್ ಶೆಡ್ಡಿಂಗ್‌ಗೆ ಇಲ್ಲಿ ಹಂತಗಳಿವೆ. ಒಂದೊಂದು ಹಂತಕ್ಕೆ ಸಾವಿರ ಮೆಗಾವಾಟ್ ಕಡಿತ. ಆರನೇ ಹಂತ ಬಂದರೆ ದಿನಕ್ಕೆ ಹಲವು ಸಲ, ಒಂದು ಸರದಿಗೆ ಎರಡೂವರೆ ಗಂಟೆ, ಕೆಲವು ಸಲ ನಾಲ್ಕೂವರೆ. ವೇಳಾಪಟ್ಟಿ ಫೋನಿಗೆ ಬರುತ್ತಿತ್ತು. ಅದನ್ನು ನೋಡಿಯೇ ಅಡುಗೆ, ಸ್ನಾನ, ನಿದ್ದೆ.

ಕರೆಂಟ್ ಹೋದ ಕೂಡಲೇ ಯಂತ್ರ ಕೀಂ ಎಂದು ಕೂಗುತ್ತಿತ್ತು. ನಾನು ಟಾರ್ಚ್ ಹಚ್ಚಿ ಆಕ್ಸಿಜನ್ ಸಿಲಿಂಡರ್‌ನ ಕೀಲಿ ತಿರುಗಿಸಿ ನಳಿಕೆ ಬದಲಿಸುತ್ತಿದ್ದೆ. ಆ ಸಣ್ಣ ಸಿಲಿಂಡರ್ ಮೂರು ಗಂಟೆ ಚಿಲ್ಲರೆ ಬರುತ್ತಿತ್ತು. ಎರಡೂವರೆ ಗಂಟೆಗೆ ಸಾಕು. ಆದರೆ ಕರೆಂಟ್ ಹೇಳಿದ ಹೊತ್ತಿಗೇ ಬರುತ್ತದೆಂಬ ಖಾತರಿ ಇರಲಿಲ್ಲ. ಎಷ್ಟೋ ಸಲ ಬರುವಾಗ ಏರಿದ ಒತ್ತಡಕ್ಕೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಡುತ್ತಿತ್ತು. ಕತ್ತಲಲ್ಲಿ ಕೇಬಲ್ ಕದ್ದೊಯ್ಯುವವರೂ ಇದ್ದರು.

ಒಂದು ರಾತ್ರಿ ಹಾಗೇ ಆಯಿತು. ಸರದಿ ಮುಗಿದರೂ ಕರೆಂಟ್ ಬರಲಿಲ್ಲ. ಒಂದು ಸಿಲಿಂಡರ್ ಖಾಲಿಯಾಯಿತು, ಇನ್ನೊಂದರ ಮುಳ್ಳು ಕೆಳಗಿಳಿಯುತ್ತಿತ್ತು. ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿರಬೇಕು, ಆಂಬುಲೆನ್ಸ್‌ಗೆ ಕರೆ ಹೋಗಲಿಲ್ಲ. ಬೆರಳಿಗೆ ಹಾಕಿದ ಆಕ್ಸಿಮೀಟರ್ 84 ತೋರಿಸಿತು. ಅತ್ತೆ ಮಾತಾಡಲಿಲ್ಲ, ನನ್ನ ಕೈ ಹಿಡಿದುಕೊಂಡಿದ್ದರು. ಅವರ ಉಗುರು ನೀಲಿಯಾಗಿತ್ತು. ನನಗೆ ಹೊಟ್ಟೆ ತೊಳಸುತ್ತಿತ್ತು. ನಮ್ಮವರು ಎದುರುಮನೆಗೆ ಓಡಿದರು. ಅಲ್ಲಿ ಸೋಲಾರ್ ಇತ್ತು, ದೀಪ ಉರಿಯುತ್ತಿತ್ತು. ಆ ಮನೆಯ ಮುದುಕರು ಹೆಚ್ಚು ಮಾತು ಬೆಳೆಸದೆ ಉದ್ದನೆಯ ವೈರ್ ಎಳೆದುಕೊಂಡು ರಸ್ತೆ ದಾಟಿ ಬಂದು ಗೇಟಿನ ಸಂದಿಯಿಂದ ಒಳಗೆ ತೂರಿಸಿದರು. ಬೆಳಗಾಗುವವರೆಗೆ ಯಂತ್ರ ಅವರ ಬ್ಯಾಟರಿಯಿಂದ ನಡೆಯಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮೊದಲು ಒಂದು ಇನ್ವರ್ಟರ್, ನೀರು ಹಾಕುವಂಥ ಹಳೆಯ ನಮೂನೆಯ ಬ್ಯಾಟರಿ ತಂದೆವು. ಊರಲ್ಲಿ ಇಂಥದ್ದೇ ಹತ್ತು ವರ್ಷ ನೋಡಿದ್ದೆವು. ಇಲ್ಲಿ ಕೆಲವೇ ತಿಂಗಳಲ್ಲಿ ಸತ್ತಿತು. ಎರಡು ಕಡಿತಗಳ ನಡುವೆ ಅದು ಪೂರ್ತಿ ತುಂಬಿಕೊಳ್ಳಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಆಮೇಲೆ ಸಾಲ ಮಾಡಿ ಲಿಥಿಯಂ ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್, ಚಾವಣಿಗೆ ಪ್ಯಾನೆಲ್ ಹಾಕಿಸಿದೆವು. 2023ರ ಬಜೆಟ್ಟಿನಲ್ಲಿ ಸರ್ಕಾರ ಪ್ಯಾನೆಲ್ ಬೆಲೆಯ ಶೇ. 25ರಷ್ಟು, 15,000 ರ‍್ಯಾಂಡ್ ಮೀರದಂತೆ, ತೆರಿಗೆಯಲ್ಲಿ ಬಿಟ್ಟುಕೊಟ್ಟಿತು. ಬ್ಯಾಟರಿಗೆ, ಇನ್ವರ್ಟರ್‌ಗೆ ಇಲ್ಲ. ನಮಗೆ ಬೇಕಾಗಿದ್ದದ್ದು ಬ್ಯಾಟರಿಯೇ. ಕೂರಿಸುವವರು ಸಿಗಲು ವಾರಗಟ್ಟಲೆ ಕಾಯಬೇಕಾಯಿತು, ಎಲ್ಲರ ಚಾವಣಿಯ ಮೇಲೂ ಅವರೇ ಇದ್ದರು. ಹಾಕಿಸಿದ ಮಾರನೆ ಬೆಳಗ್ಗೆ ಅತ್ತೆ, “ರಾತ್ರಿ ಕರೆಂಟ್ ಹೋಗ್ಲಿಲ್ವೇನೇ?” ಅಂದರು. ಹೋಗಿತ್ತು. ಅವರಿಗೆ ಗೊತ್ತಾಗಿರಲಿಲ್ಲ.

ಬೀದಿಯಲ್ಲಿ ಜನರೇಟರ್ ಸದ್ದು ಕಡಿಮೆಯಾಯಿತು. 2022ರ ಮಾರ್ಚ್‌ನಲ್ಲಿ ದೇಶದ ಚಾವಣಿಗಳ ಮೇಲೆ 983 ಮೆಗಾವಾಟ್ ಸೋಲಾರ್ ಇತ್ತೆಂದು ಸರ್ಕಾರಿ ವಿದ್ಯುತ್ ಸಂಸ್ಥೆ ಎಸ್ಕಾಮ್ ಅಂದಾಜು ಮಾಡಿತ್ತು. 2023ರ ಜೂನ್ ಹೊತ್ತಿಗೆ ಅದು 4,412. ಯಾರೂ ಯೋಜನೆ ಹಾಕಿ ಕಟ್ಟಿದ್ದಲ್ಲ. ನಮ್ಮಂತೆ ಹೆದರಿದವರು ಒಬ್ಬೊಬ್ಬರಾಗಿ ಸಾಲ ಮಾಡಿ ಕಟ್ಟಿದ್ದು. 2024ರ ಮಾರ್ಚ್ ಕೊನೆಗೆ ಲೋಡ್ ಶೆಡ್ಡಿಂಗ್ ನಿಂತಿತು. ಸ್ಥಾವರಗಳ ದುರಸ್ತಿ ಮುಖ್ಯ ಕಾರಣ. ಹಗಲಿನ ಹೊರೆಯನ್ನು ಚಾವಣಿಗಳು ಇಳಿಸಿದ್ದೂ ಸೇರಿತ್ತು. ಮುಂದಿನ ವರ್ಷ ಅದು ಮತ್ತೆ ಕೆಲವು ದಿನ ಬಂತು.

ನಮ್ಮ ಕರೆಂಟ್ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ನಗರಕ್ಕೆ ತಂತಿ, ಕಂಬ, ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳುವ ಖರ್ಚು ಇಳಿಯುವುದಿಲ್ಲ. 2024ರ ಜುಲೈಯಿಂದ ಜೊಹಾನ್ಸ್‌ಬರ್ಗ್‌ನ ಪ್ರೀಪೇಯ್ಡ್ ಮೀಟರಿನ ಮನೆಗಳಿಗೆ ತಿಂಗಳಿಗೆ 200 ರ‍್ಯಾಂಡ್ ನಿಗದಿ ಶುಲ್ಕ ಬಿತ್ತು, ಮೇಲೆ ತೆರಿಗೆ. ಚಾವಣಿಯ ಮೇಲೆ ಏನೂ ಇಲ್ಲದವರಿಗೂ ಅಷ್ಟೇ. ನಮ್ಮ ಮನೆಗೆಲಸಕ್ಕೆ ನಗರದಂಚಿನ ಸೊವೆಟೊದಿಂದ ಬರುವ ಹೆಂಗಸು ಫೋನು, ಸಣ್ಣ ದೀಪ ಎರಡನ್ನೂ ನಮ್ಮಲ್ಲೇ ಚಾರ್ಜ್ ಮಾಡಿಕೊಂಡು ಹೋಗುತ್ತಿದ್ದರು. ಲೋಡ್ ಶೆಡ್ಡಿಂಗ್ ನಿಂತ ಮೇಲೂ ಅವರ ಬೀದಿಯಲ್ಲಿ ಬೆಳಗ್ಗೆ, ಸಂಜೆ ಕರೆಂಟ್ ತೆಗೆಯುತ್ತಿದ್ದರು. ಅಲ್ಲಿನ ಟ್ರಾನ್ಸ್‌ಫಾರ್ಮರ್ ಹೊರೆ ತಾಳುವುದಿಲ್ಲ ಎಂಬುದು ಕಾರಣ. ನಾವು ಕತ್ತಲಿನಿಂದ ದುಡ್ಡು ಕೊಟ್ಟು ಹೊರಬಂದೆವು. ಅವರ ಹತ್ತಿರ ಆ ದುಡ್ಡಿರಲಿಲ್ಲ.

ಅತ್ತೆ 2024ರ ಚಳಿಗಾಲದ ಕೊನೆಯಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಆ ವಾರವೆಲ್ಲ ಕರೆಂಟ್ ಇತ್ತು.

ಸೊವೆಟೊದ ಆ ಹೆಂಗಸಿನ ಅಕ್ಕನಿಗೂ ಡಾಕ್ಟರು ಆಕ್ಸಿಜನ್ ಬರೆದಿದ್ದರು. ಯಂತ್ರ ಕೊಡುತ್ತೀರಾ ಎಂದು ಅವರು ಸಂಕೋಚದಿಂದ ಕೇಳಿದರು. ನಮ್ಮವರು ಅದನ್ನೂ ಉಳಿದಿದ್ದ ಸಿಲಿಂಡರ್‌ಗಳನ್ನೂ ಕಾರಿನಲ್ಲಿ ಇಟ್ಟುಕೊಂಡು ಹೋಗಿ, ಸಂಜೆ ಕರೆಂಟ್ ಹೋದಾಗ ಕೀಲಿ ಹೇಗೆ ತಿರುಗಿಸಬೇಕೆಂದು ತೋರಿಸಿಕೊಟ್ಟು ಬಂದರು.