ಚೆಂಡಿನ ಅನ್ನ

ಹೊಸ ತಿಪ್ಪಸಂದ್ರದ ಗೃಹಸ್ಥರ ಮನಸ್ಸಿನಲ್ಲಿ ಆಟದ ವಿಚಾರವಾಗಿ ಒಂದು ಬಗೆಯ ಇಬ್ಬಂದಿತನ ಬಹುಕಾಲ ಮನೆಮಾಡಿತ್ತು. ಈ ಬಡಾವಣೆ ಬೆಳೆದದ್ದೇ ಕಾರ್ಖಾನೆಗಳ ಆಸರೆಯಲ್ಲಿ. 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆ, 1964ರಲ್ಲಿ ಬಂದ ಬಿ.ಇ.ಎಂ.ಎಲ್., ನೆರೆಯ ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳು, ಇವುಗಳ ಪಾಳಿಗೆ ತಕ್ಕಂತೆ ಇಲ್ಲಿನ ಒಲೆಗಳು ಹೊತ್ತಿ ಆರುತ್ತಿದ್ದವು. ಸಂಜೆ ಮಗನು ಮೊಣಕಾಲು ತರಚಿಕೊಂಡು, ಅಂಗಿಯ ತುಂಬ ಕೆಮ್ಮಣ್ಣು ಮೆತ್ತಿಕೊಂಡು ಬಂದರೆ ತಾಯಿ ಗದರುವಳು; “ಚೆಂಡು ಅನ್ನ ಹಾಕುತ್ತದೆಯೇನೋ?” ಎಂದು ಕೇಳುವಳು. ತಂದೆಯೂ ತಲೆಯಾಡಿಸುವನು. ಆದರೆ ಅದೇ ಚೆಂಡು ಮುಂದೊಂದು ದಿನ ಕಾರ್ಖಾನೆಯ ತಂಡದಲ್ಲಿ ಮಗನಿಗೊಂದು ಸ್ಥಾನವನ್ನೂ, ತಂಡದ ನೆಪದಿಂದ ಖಾಯಂ ನೌಕರಿಯನ್ನೂ ದೊರಕಿಸೀತೆಂಬ ಆಸೆ ಆತನ ಮನಸ್ಸಿನ ಯಾವುದೋ ಮೂಲೆಯಲ್ಲಿ ಮಿಣುಕುತ್ತಲೇ ಇರುತ್ತಿತ್ತು.

ಆ ಆಸೆ ಬರಿಯ ಭ್ರಮೆಯೇನಲ್ಲ. ಎಚ್.ಎ.ಎಲ್., ಕೃಷ್ಣರಾಜಪುರದ ಕಡೆಯ ದೂರವಾಣಿನಗರದ ಐ.ಟಿ.ಐ., ಎಲ್.ಆರ್.ಡಿ.ಇ. ಹೀಗೆ ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಹೆಸರು ಮಾಡಿದ ಎಷ್ಟೋ ತಂಡಗಳು ಕಾರ್ಖಾನೆ ಕಚೇರಿಗಳ ತಂಡಗಳೇ. ಆಟಗಾರನು ಬೆಳಗ್ಗೆ ಹಾಜರಿ ಹಾಕಿ, ಅಭ್ಯಾಸದ ವೇಳೆಗೆ ಬಿಡುವು ಪಡೆದು ಮೈದಾನಕ್ಕೆ ಹೋಗುವನು. ಮೂವತ್ತೈದು ದಾಟುವಷ್ಟರಲ್ಲಿ ಕಾಲಿನ ಕಸುವು ಉಡುಗುತ್ತದೆ, ನಿಜ. ಆದರೆ ಕಾಲು ಸೋತ ಮಾತ್ರಕ್ಕೆ ಸಂಬಳ ಸೋಲುವುದಿಲ್ಲ. ನಿವೃತ್ತಿಯವರೆಗೂ ಕುರ್ಚಿ ಇದ್ದೇ ಇರುತ್ತದೆ. ಮಧ್ಯಮ ವರ್ಗದ ಸಂಸಾರಕ್ಕೆ ಇದಕ್ಕಿಂತ ಹಿತವಾದ ಏರ್ಪಾಟು ಮತ್ತಾವುದು? ಆಟವೂ ಆಯಿತು, ಅನ್ನವೂ ಆಯಿತು. ಹೆಣ್ಣು ಕೊಡುವವರೂ ಹಿಂಜರಿಯುವುದಿಲ್ಲ.

ಇನ್ನೊಂದು ದಾರಿಯೂ ಇತ್ತು. ಅದು ಕುರ್ಚಿಯ ಹಂಗಿಲ್ಲದೆ ಚೆಂಡೊಂದನ್ನೇ ನಂಬಿ ಊರು ಬಿಟ್ಟು ಹೋಗುವ ದಾರಿ. ಕಾರ್ಲ್‌ಟನ್ ಚಾಪ್‌ಮನ್ ಹಿಡಿದದ್ದು ಅದನ್ನು.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಅವರ ಮನೆ ಆಸ್ಟಿನ್ ಟೌನಿನಲ್ಲಿ. ಹೊಸ ತಿಪ್ಪಸಂದ್ರದಿಂದ ಒಂದು ಬಸ್ಸಿನ ದಾರಿ. ಹಳಬರು ‘ದಂಡು’ ಎಂದು ಕರೆಯುವ ಆ ಕಂಟೋನ್ಮೆಂಟ್ ಸೀಮೆಯಲ್ಲಿ ಕಾಲ್ಚೆಂಡಿನ ಹುಚ್ಚು ಒಂದೆರಡು ತಲೆಮಾರಿನದಲ್ಲ. ಪಲ್ಟಣದ ಬಿಳಿಯ ಸಿಪಾಯಿಗಳು ಆಡುತ್ತಿದ್ದುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿ ಕಲಿತ ಆಟ ಅದು. ಕಲಿತವರು ಕಲಿಸಿದವರನ್ನೇ ಮೀರಿಸಿದರು: ಬೊಂಬಾಯಿಯ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಪಲ್ಟಣಗಳ ಸ್ವತ್ತಾಗಿತ್ತು, 1937ರಲ್ಲಿಯೂ ಮತ್ತೆ 1938ರಲ್ಲಿಯೂ ಅದನ್ನು ಗೆದ್ದು ತಂದದ್ದು ‘ಬೆಂಗಳೂರು ಮುಸ್ಲಿಮ್ಸ್’ ತಂಡ. 1946ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಹಲಸೂರಿನ ಸಮೀಪದ ಗೌತಮಪುರದಲ್ಲಂತೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಆ ಸಾಲಿನಲ್ಲಿ ಪೆಲೆಗೆ ಎಡೆ ಕೊಟ್ಟ ಜನರ ಭಕ್ತಿಯನ್ನು ಅಳೆಯುವವರಾರು!

ಈ ದಂಡಿನ ಹುಡುಗರಲ್ಲಿ ಊರು ಬಿಟ್ಟು ಹೋಗಿ ದೊಡ್ಡ ಹೆಸರು ಗಳಿಸಿದವರು ಅಹಮದ್ ಖಾನ್. 1926ರಲ್ಲಿ ಹುಟ್ಟಿದ ಇವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿದ್ದರು. ಆ ತಂಡದಲ್ಲಿ ಬೆಂಗಳೂರಿನವರೇ ಹಲವರು. ಬಹುಮಂದಿ ಆಡಿದ್ದು ಬರಿಗಾಲಿನಲ್ಲಿ. ಫ್ರಾನ್ಸಿನ ವಿರುದ್ಧ ಭಾರತ ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದ ರಾಮನ್ ಅವರೂ ಬೆಂಗಳೂರಿನವರೇ. ಮರುವರ್ಷ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ ಮತ್ತು ಅಹಮದ್ ಖಾನ್, ಈ ಐವರನ್ನು ಕಲ್ಕತ್ತೆಯ ಜನ ‘ಪಂಚಪಾಂಡವರು’ ಎಂದು ಕರೆದರು. 1949, 1950, 1951, ಸತತ ಮೂರು ವರ್ಷ ಐ.ಎಫ್.ಎ. ಷೀಲ್ಡು ಅವರದಾಯಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಬಂತು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಭಾರತದ ಮೇಲೆ ಹತ್ತು ಗೋಲು ಸುರಿಸಿತಷ್ಟೆ. ಆ ದಿನ ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಅಹಮದ್ ಖಾನ್.

ಆ ಕಾಲದಲ್ಲಿ ಕಾಗದದ ಮೇಲೆ ಯಾರೂ ಸಂಬಳದ ಆಟಗಾರರಲ್ಲ, ಎಲ್ಲರೂ ಹವ್ಯಾಸಿಗಳೇ. ಆದರೂ ಬೆಂಗಳೂರಿನ ಹುಡುಗನು ಮದರಾಸಿನಲ್ಲಿ ಗಾಡಿ ಬದಲಿಸಿ ಹೌರಾಕ್ಕೆ ಹೋಗಿ ಇಳಿಯುತ್ತಿದ್ದುದು ಕೇವಲ ಗಾಳಿ ಸೇವನೆಗಲ್ಲ. ಕಲ್ಕತ್ತೆಯಲ್ಲಿ ಆಟಕ್ಕೆ ಬೆಲೆಯಿತ್ತು, ಆಡುವವನಿಗೆ ಮಾನವಿತ್ತು. ಆತನ ಹಿಂದೆ ಬೀದಿಯ ಜನ ನಡೆಯುತ್ತಿತ್ತು. 1956ರ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದ ಕೆಂಪಯ್ಯ, 1962ರ ಜಕಾರ್ತಾದ ಚಿನ್ನದಲ್ಲಿ ಪಾಲು ಪಡೆದ ಅರುಮೈನಾಯಗಂ, ಇವರಿಬ್ಬರೂ ಬೆಂಗಳೂರಿನಿಂದ ಹೋಗಿ ಮೋಹನ್ ಬಾಗಾನ್ ತಂಡಕ್ಕೆ ಆಡಿದವರು. ಅಹಮದ್ ಖಾನ್ 2017ರಲ್ಲಿ ಕಣ್ಣು ಮುಚ್ಚಿದ್ದು ಕೊಲ್ಕತ್ತೆಯಲ್ಲಿಯೇ. ಆಡಲು ಹೋದ ಊರೇ ಅವರಿಗೆ ಊರಾಯಿತು.

ಆಟಕ್ಕಾಗಿ ಊರು ಬಿಟ್ಟವರ ಕಥೆ ಬೇರೆ ದೇಶಗಳಲ್ಲಿಯೂ ಉಂಟು. ಕ್ಯೂಬಾ ದ್ವೀಪದ ಲೂಯಿಸ್ ತಿಯಾಂತ್ ಎಂಬಾತನ ಸಂಗತಿಯನ್ನು ಇಲ್ಲಿ ನೆನೆಯಬಹುದು. ಆತನ ಆಟ ಬೇಸ್‌ಬಾಲ್, ಕ್ರಿಕೆಟ್ಟಿನ ದೂರದ ದಾಯಾದಿ. ಆತನ ಕೆಲಸ ಚೆಂಡೆಸೆಯುವುದು. ತಂದೆಯೂ ಅದರಲ್ಲಿಯೇ ಪಳಗಿದವನು. ಆದರೆ ಅಮೆರಿಕದ ದೊಡ್ಡ ಲೀಗುಗಳು ಆಗ ಕಪ್ಪು ಮೈಬಣ್ಣದವರಿಗೆ ಬಾಗಿಲು ತೆರೆದಿರಲಿಲ್ಲವಾದ್ದರಿಂದ ಕಪ್ಪು ಜನರ ಪ್ರತ್ಯೇಕ ಲೀಗುಗಳಲ್ಲಿಯೇ ಆತನ ತೋಳು ಸವೆಯಿತು. ಮಗನು 1961ರಲ್ಲಿ ಮೆಕ್ಸಿಕೊದಲ್ಲಿ ಆಡುತ್ತಿದ್ದಾಗ ಕ್ಯೂಬಾದ ರಾಜಕೀಯ ತಿರುಗಿಬಿತ್ತು. ಹಿಂದಿರುಗಿ ಬಂದರೆ ಮತ್ತೆ ಹೊರಡುವಂತಿಲ್ಲ, ಬರಬೇಡವೆಂದು ತಂದೆಯೇ ಹೇಳಿಕಳುಹಿಸಿದ. ಮಗ 1964ರಲ್ಲಿ ಅಮೆರಿಕದ ದೊಡ್ಡ ಲೀಗಿಗೆ ಕಾಲಿಟ್ಟು, ಭುಜದ ಮೂಳೆ ಮುರಿದುಕೊಂಡು, ತಂಡದಿಂದ ಹೊರಬಿದ್ದು, ಮರಳಿ ಎದ್ದು, 229 ಪಂದ್ಯಗಳನ್ನು ಗೆದ್ದುಕೊಟ್ಟ. ತಂದೆತಾಯಿಯರು ಅವನ ಬಳಿಗೆ ಬರಲು ಅಪ್ಪಣೆ ಸಿಕ್ಕಿದ್ದು ಹದಿನಾಲ್ಕು ವರ್ಷಗಳ ತರುವಾಯ, 1975ರಲ್ಲಿ. ಬಾಸ್ಟನ್ನಿನ ಮೈದಾನದಲ್ಲಿ ಆ ಮುದುಕನಿಗೆ ಪಂದ್ಯದ ಆರಂಭದ ಗೌರವದ ಎಸೆತವನ್ನು ಕೊಟ್ಟರು. ಮೊದಲ ಎಸೆತ ತಗ್ಗಿಗೆ ಬಿತ್ತು. ಮುದುಕ ಒಪ್ಪಲಿಲ್ಲ, ಚೆಂಡು ತರಿಸಿಕೊಂಡು ಮತ್ತೊಮ್ಮೆ ಎಸೆದ. ಮರುವರ್ಷದ ಕೊನೆಯಲ್ಲಿ ತಂದೆತಾಯಿಯರಿಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಮಗ ಕ್ಯೂಬಾದ ನೆಲವನ್ನು ಮತ್ತೆ ಮೆಟ್ಟಿದ್ದು 2007ರಲ್ಲಿ. 2024ರ ಅಕ್ಟೋಬರಿನಲ್ಲಿ ಅವನೂ ಗತಿಸಿದ.

ತಿಯಾಂತನಿಗೆ ಮನೆಯ ಬಾಗಿಲನ್ನು ಮುಚ್ಚಿದ್ದು ಸರಕಾರ. ಬೆಂಗಳೂರಿನ ಹುಡುಗನಿಗೆ ಯಾರೂ ಬಾಗಿಲು ಮುಚ್ಚಲಿಲ್ಲ. ಬಾಗಿಲು ಹಾರುಹೊಡೆದಿತ್ತು, ಒಳಗೆ ಎಲೆ ಹಾಕಿ ಬಡಿಸುವವರಿರಲಿಲ್ಲ, ಅಷ್ಟೆ.

ಚಾಪ್‌ಮನ್ ಆಟ ಕಲಿತದ್ದು 1980ರ ದಶಕದಲ್ಲಿ, ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಅಲ್ಲಿಂದ 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾಯಿತು. 1987ರಲ್ಲಿ ಆರಂಭವಾದ ಆ ಶಾಲೆ ಹುಡುಗರನ್ನು ತನ್ನಲ್ಲಿಯೇ ಇರಿಸಿಕೊಂಡು, ಉಣಿಸಿ ಓದಿಸಿ ಆಟ ಕಲಿಸುತ್ತಿತ್ತು. ಹಳೆಯ ಕಾಲದ ಗುರುಕುಲವೆಂದರೂ ಸಲ್ಲುತ್ತದೆ. 1993ರಲ್ಲಿ ಅವರನ್ನು ಈಸ್ಟ್ ಬೆಂಗಾಲ್ ಕರೆದುಕೊಂಡಿತು. ಅಹಮದ್ ಖಾನ್ ಆಡಿದ ಅದೇ ಕೆಂಪು-ಹಳದಿ ಅಂಗಿ. ಆ ಋತುವಿನಲ್ಲಿಯೇ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡ ಎದುರಾಯಿತು. ಪಶ್ಚಿಮ ಏಷ್ಯದ ಬಲಿಷ್ಠ ತಂಡದೆದುರು ಭಾರತದ ಕ್ಲಬ್ಬೊಂದು ಮಾನ ಉಳಿಸಿಕೊಂಡರೆ ಸಾಕೆಂದು ಎಣಿಸುವ ಕಾಲ. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆರರಲ್ಲಿ ಮೂರು ಗೋಲುಗಳು ಚಾಪ್‌ಮನ್ನರವು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಇಷ್ಟಾದರೂ ಅವರು ಗೋಲು ಹೊಡೆಯುವುದನ್ನೇ ಕಸುಬಾಗಿಸಿಕೊಂಡವರಲ್ಲ. ಅವರದು ಮಧ್ಯರಂಗ. ಕಾಲ್ಚೆಂಡಿನಲ್ಲಿ ಮಧ್ಯರಂಗದ ಆಟಗಾರನ ಪಾಡು ಮದುವೆಮನೆಯಲ್ಲಿ ಅಡುಗೆಯವನ ಪಾಡಿನಂತೆ. ಹಿಂದಿನವರು ಕಿತ್ತುಕೊಂಡ ಚೆಂಡು ಅವನ ಕಾಲಿಗೆ ಬರಬೇಕು. ಮುಂದಿನವರಿಗೆ ಬೇಕಾದ ಗಳಿಗೆಯಲ್ಲಿ, ಬೇಕಾದ ಕಡೆಗೆ, ಬೇಕಾದಷ್ಟೇ ವೇಗದಲ್ಲಿ ಅದು ಹೋಗಿ ತಲುಪಬೇಕು. ಒಂದು ಕ್ಷಣ ಮೊದಲಾದರೆ ಮುಂದಾಳು ಇನ್ನೂ ಬಂದಿಲ್ಲ. ಒಂದು ಕ್ಷಣ ತಡವಾದರೆ ಆಫ್‌ಸೈಡಿನ ಸೀಟಿ. ಎಲ್ಲ ಸರಿಹೋದರೆ ಜಯಘೋಷ ಗೋಲು ಹೊಡೆದವನಿಗೆ. ಉಂಡವರು ಮದುಮಕ್ಕಳನ್ನು ಹರಸಿ ಹೋಗುತ್ತಾರೆಯೇ ಹೊರತು ಅಡುಗೆಮನೆಗೆ ಇಣುಕುವುದಿಲ್ಲ. ಚಾಪ್‌ಮನ್ ಇದಕ್ಕೆ ಒಗ್ಗಿದವರು. ಮೈದಾನದ ಒಳಗೂ ಹೊರಗೂ ಸಜ್ಜನರೆಂದೇ ಅವರಿಗೆ ಹೆಸರು.

1995ರಲ್ಲಿ ಅವರು ಪಂಜಾಬಿನ ಫಗ್ವಾಡಾದ ಜೆ.ಸಿ.ಟಿ. ತಂಡಕ್ಕೆ ಹೋದರು. ಅದು ಬಟ್ಟೆ ಗಿರಣಿಯ ತಂಡ. ಕೇರಳದ ಐ.ಎಂ. ವಿಜಯನ್, ಸಿಕ್ಕಿಮಿನ ಭೈಚುಂಗ್ ಭುಟಿಯಾ, ಬೆಂಗಳೂರಿನ ಚಾಪ್‌ಮನ್, ದೇಶದ ಮೂರು ಮೂಲೆಗಳ ಮೂವರು ಪಂಜಾಬಿನ ಗೋಧಿಯ ಹೊಲಗಳ ನಡುವೆ ಕಲೆತು ಆಡಿದ ಆ ದಿನಗಳನ್ನು ಕಾಲ್ಚೆಂಡಿನ ರಸಿಕರು ಮರೆತಿಲ್ಲ. 1996-97ರಲ್ಲಿ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ನಡೆದಾಗ ಗೆದ್ದದ್ದು ಕೊಲ್ಕತ್ತೆಯ ತಂಡವಲ್ಲ, ಗೋವೆಯದೂ ಅಲ್ಲ. ಈ ಗಿರಣಿಯ ತಂಡ. 1997ರಲ್ಲಿ ಅವರು ಆಗತಾನೆ ಹುಟ್ಟಿದ್ದ ಎಫ್.ಸಿ. ಕೊಚ್ಚಿನ್ ತಂಡ ಸೇರಿ, ಒಂದು ಋತುವಿನ ತರುವಾಯ 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದರು. ಭಾರತ ತಂಡದ ನಾಯಕತ್ವವೂ ಅವರ ಪಾಲಿಗೆ ಬಂದಿತ್ತು. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಮೊದಲ ಬಾರಿಗೆ ರಾಷ್ಟ್ರೀಯ ಲೀಗನ್ನು ಗೆದ್ದಿತು. ಅದೇ ವರ್ಷ ಅವರು ಆಟಕ್ಕೆ ವಿದಾಯ ಹೇಳಿದರು. ವಯಸ್ಸು ಮೂವತ್ತು. ಕಾರ್ಖಾನೆಯ ನೌಕರನಾಗಿದ್ದರೆ ಆ ವಯಸ್ಸಿನಲ್ಲಿ ಎರಡನೆಯ ಬಡ್ತಿಯ ಹಾದಿ ಕಾಯುತ್ತಿರಬಹುದಾಗಿತ್ತು.

ಹೊಸ ತಿಪ್ಪಸಂದ್ರದ ತಂದೆಯ ಭಯ ಇಂತಹ ಕಡೆ ನ್ಯಾಯವಾದದ್ದೆಂದೇ ತೋರುತ್ತದೆ. ಆಡಿದವನ ಆಯುಷ್ಯ ಉದ್ದ, ಆಟದ ಆಯುಷ್ಯ ಗಿಡ್ಡ. ಆಡಿಸಿದ ಸಂಸ್ಥೆಗಳಾದರೂ ಉಳಿಯುವುವೇ? ಚಾಪ್‌ಮನ್ ಆಡಿದ ಎಫ್.ಸಿ. ಕೊಚ್ಚಿನ್ ಐದಾರು ವರ್ಷಗಳಲ್ಲಿಯೇ ಮುಚ್ಚಿಹೋಯಿತು. ದೇಶದ ಮೊದಲ ಲೀಗನ್ನು ಗೆದ್ದ ಜೆ.ಸಿ.ಟಿ. ತನ್ನ ತಂಡವನ್ನು 2011ರಲ್ಲಿ ವಿಸರ್ಜಿಸಿತು. ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಚೆಂಡಿನ ಖರ್ಚಿಗೆ ಎದುರಾಗಿ ಬರೆಯುವ ಆದಾಯವೇನೂ ಇರುವುದಿಲ್ಲವಲ್ಲ.

ಚಾಪ್‌ಮನ್ ಚೆಂಡನ್ನು ಬಿಡಲಿಲ್ಲ. ತಮ್ಮನ್ನು ಬೆಳೆಸಿದ ಜಮ್‌ಶೆಡ್‌ಪುರದ ಅಕಾಡೆಮಿಯಲ್ಲಿಯೇ ತರಬೇತುದಾರರಾದರು. ಅಲ್ಲಿಂದ ಶಿಲ್ಲಾಂಗಿನ ರಾಯಲ್ ವಾಹಿಂಗ್ದೋ, ಕೊಲ್ಕತ್ತೆಯ ಭವಾನಿಪುರ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ದೊಡ್ಡ ಹಣದ ಕ್ಲಬ್ಬುಗಳಲ್ಲ ಇವು. ನಾಡಿಗೆ ನಾಯಕನಾಗಿದ್ದವನು ಮಳೆಯಲ್ಲಿ ಛತ್ರಿ ಹಿಡಿದು ನಿಂತು ಹದಿನೇಳರ ಹುಡುಗನಿಗೆ “ತಲೆಯೆತ್ತಿ ನೋಡಿ ಚೆಂಡು ಕೊಡು” ಎಂದು ನೂರನೆಯ ಸಲ ಹೇಳುವ ಕೆಲಸ ಅದು. ದೊಡ್ಡ ಆಟಗಾರರೆಲ್ಲ ಆ ಕೆಲಸಕ್ಕೆ ಒಪ್ಪುವುದಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಕೆಲವು ಸಂಗತಿಗಳು ನಡೆದವು. ಹೊಸ ತಿಪ್ಪಸಂದ್ರದ ನೆರೆಯ ಎಚ್.ಎ.ಎಲ್. ತಂಡ 2010ರಲ್ಲಿ ದೇಶದ ಅತ್ಯುನ್ನತ ಐ-ಲೀಗಿಗೆ ಏರಿತು. ಹಣ ಚೆಲ್ಲಿ ಕಟ್ಟಿದ ಕ್ಲಬ್ಬುಗಳೆದುರು ವಿಮಾನ ಕಾರ್ಖಾನೆಯ ತಂಡ! ಎರಡು ಋತು ಹೆಣಗಿ 2012ರಲ್ಲಿ ಕೆಳಗಿಳಿಯಿತು. 2013ರಲ್ಲಿ ಉಕ್ಕಿನ ವ್ಯಾಪಾರದ ಸಂಸ್ಥೆಯೊಂದು ಬೆಂಗಳೂರು ಎಫ್.ಸಿ.ಯನ್ನು ಕಟ್ಟಿತು, ಆಡಿದ ಮೊದಲ ಋತುವಿನಲ್ಲಿಯೇ ಆ ತಂಡ ಐ-ಲೀಗನ್ನು ಗೆದ್ದುಕೊಂಡಿತು. ಮನೆಯ ಊಟ ಮಾಡಿಕೊಂಡು, ಆಟವನ್ನೇ ವೃತ್ತಿಯಾಗಿಸಿಕೊಂಡು ಬೆಂಗಳೂರಿನಲ್ಲಿ ಬಾಳುವ ಅವಕಾಶ ದಂಡಿನ ಹುಡುಗರಿಗೆ ಕಡೆಗೂ ಬಂತು. ಚಾಪ್‌ಮನ್ ಆಟ ನಿಲ್ಲಿಸಿ ಆಗ ಹನ್ನೆರಡು ವರ್ಷ.

2020ರ ಅಕ್ಟೋಬರ್ 11ರ ರಾತ್ರಿ ಬೆಂಗಳೂರಿನಲ್ಲಿ ಅವರಿಗೆ ಬೆನ್ನುನೋವು ಕಾಣಿಸಿಕೊಂಡಿತು. ಆಸ್ಪತ್ರೆಗೆ ಸೇರಿಸಿದರು. ಮರುದಿನ ಬೆಳಗಾಗುವುದರೊಳಗೆ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ ಐವತ್ತು ತುಂಬಲು ಆರು ತಿಂಗಳು ಉಳಿದಿತ್ತು. ಸಾಂಕ್ರಾಮಿಕದ ದಿನಗಳು, ಮೈದಾನಗಳೆಲ್ಲ ಬೀಗ ಹಾಕಿಕೊಂಡಿದ್ದವು. ನವೆಂಬರ್ 20ರಂದು ಗೋವೆಯಲ್ಲಿ ದೇಶದ ದೊಡ್ಡ ಲೀಗು ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ಆರಂಭವಾಯಿತು. ಬೆಂಗಳೂರಿನ ತಂಡ ಅದರಲ್ಲಿತ್ತು. ಈಸ್ಟ್ ಬೆಂಗಾಲ್ ಆ ಲೀಗಿಗೆ ಸೇರಿದ್ದೂ ಆ ವರ್ಷವೇ.